ಎಲ್ಲರಿಗೂ ಅರ್ಥವಾದ ಕಾಗದ

ಆಸ್ಪತ್ರೆಯ ಚೀಟಿಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ಬಡವರಿಗೆ ಮಾಡುವ ಅವಮಾನವೆಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಇಂದಿಗೂ ನನ್ನನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಆದರೆ ಅದೇ ನಂಬಿಕೆಯಿಂದ ನಾನು ಬರೆದ ಒಂದು ಕಾಗದ ಒಬ್ಬ ಹೆಂಗಸನ್ನು ಅವರ ಒಲೆಯ ಮುಂದಿನಿಂದ ಎಬ್ಬಿಸಿತು. ಅದು ಹೇಗಾಯಿತೆಂಬುದನ್ನು ಕ್ರಮವಾಗಿ ಬರೆದಿಡಬೇಕೆನ್ನಿಸಿದೆ.

ನಾನು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ಮೊದಲಿಗ. ಅಪ್ಪ ಬೇರೆಯವರ ಗದ್ದೆಗಳಲ್ಲಿ ನಾಟಿಗೂ ಕೊಯ್ಲಿಗೂ ಹೋಗುತ್ತಿದ್ದರು, ಓದು ಬಾರದು. ಕೊನೆಯ ವರ್ಷಗಳಲ್ಲಿ ಅವರಿಗೆ ಮೂತ್ರಪಿಂಡದ ಕಾಯಿಲೆಯಾಯಿತು. ಮೈಸೂರಿನಲ್ಲಿ ಕೊಟ್ಟ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಪ್ಯಾಂಟು ತೊಟ್ಟವರು ಯಾರೇ ಸಿಕ್ಕಿದರೂ ತೆಗೆದು ತೋರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ, ನಾನು ಮೈಸೂರಿನಲ್ಲಿ ಸಮಾಜಕಾರ್ಯ ಓದುತ್ತಿದ್ದಾಗ, ಒಂದು ದಿನ ಆ ಕವರನ್ನು ಬಿಚ್ಚಿ ಕುಳಿತೆ. ಕಾಯಿಲೆ ಗುಣವಾಗುವ ಹಂತವನ್ನು ದಾಟಿದೆಯೆಂದು ಮೊದಲನೆಯ ಚೀಟಿಯಲ್ಲೇ ಬರೆದಿತ್ತು. ಅಪ್ಪ ತಮ್ಮ ಸಾವಿನ ಸುದ್ದಿಯನ್ನು ಎರಡು ವರ್ಷ ಎದೆಯ ಮೇಲಿಟ್ಟುಕೊಂಡು ಓಡಾಡಿದ್ದರು. ಅವರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಮುಂದೆ ನನಗೆ ಸಿಕ್ಕಿದ ಕೆಲಸ ನಂಜನಗೂಡಿನ ಕಡೆಯ ಒಂದು ಚಿಕಿತ್ಸಾ ಕೇಂದ್ರದಲ್ಲಿ, ಎಚ್.ಐ.ವಿ. ಇರುವವರಿಗೆ ಆಪ್ತ ಸಮಾಲೋಚಕನಾಗಿ. ಅವರು ಬಂದಾಗ ಮಾತನಾಡಿಸುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಬಾರದವರಿಗೆ ಫೋನ್ ಮಾಡುವುದು ನನ್ನ ಕೆಲಸ. ಹುದ್ದೆ ಗುತ್ತಿಗೆಯದು. ಮಾತಿನಲ್ಲಿ ತಪ್ಪಿದರೆ ಹಳ್ಳಿಯವನೆಂದು ಗುರುತಿಸಿ ಹಗುರವಾಗಿ ಕಂಡಾರೆಂಬ ಭಯ ನನಗೆ ಆಗಲೂ ಇತ್ತು, ಈಗಲೂ ಇದೆ. ಆದ್ದರಿಂದ ಕೇಂದ್ರದಲ್ಲಿ ನಾನು ಅಚ್ಚಿನ ಕನ್ನಡವನ್ನೇ ಆಡುತ್ತಿದ್ದೆ. ಸಂಜೆ ಮನೆಗೆ ಹೋದ ಮೇಲೂ ಅದು ನಾಲಗೆಯ ಮೇಲೆ ಉಳಿದುಬಿಡುತ್ತಿತ್ತು. "ಯಾಕ್ಲಾ, ರೇಡಿಯೋ ನುಂಗ್ಬುಟ್ಟಿದ್ದೀಯಾ" ಎಂದು ಅವ್ವ ಕೇಳುತ್ತಿದ್ದಳು.

ನಮ್ಮಲ್ಲಿಗೆ ಬರುವವರಲ್ಲಿ ಹತ್ತಿರದವರು ಕಡಿಮೆ. ನಂಜನಗೂಡಿನವರು ಮೈಸೂರಿಗೆ ಹೋಗಿ ಮಾತ್ರೆ ತರುತ್ತಾರೆ. ಬನ್ನೂರು, ನರಸೀಪುರದ ಕಡೆಯವರು ನಂಜನಗೂಡಿಗೆ ಬರುತ್ತಾರೆ. ತನ್ನ ಊರಿನ ಬಾಗಿಲನ್ನು ಬಿಟ್ಟು ಪಕ್ಕದ ಊರಿನ ಬಾಗಿಲನ್ನು ತಟ್ಟುವುದು ಯಾರೂ ಹೇಳಿಕೊಡದೆಯೇ ಎಲ್ಲರೂ ಪಾಲಿಸುವ ಪದ್ಧತಿ. ಸೋಮವಾರ ನಮ್ಮಲ್ಲಿ ನೂಕುನುಗ್ಗಲು. ಸೋಮವಾರ ನಂಜನಗೂಡಿಗೆ ಹೊರಟವರನ್ನು ಯಾಕೆಂದು ಯಾರೂ ಕೇಳುವುದಿಲ್ಲ. ದೇವಸ್ಥಾನಕ್ಕೆ ಹೋಗಿ, ಹಣ್ಣುಕಾಯಿ ಮಾಡಿಸಿ, ನಂತರ ನಮ್ಮ ಬೆಂಚಿನ ಮೇಲೆ ಕುಳಿತು, ವಿಭೂತಿಯ ಪೊಟ್ಟಣವನ್ನೂ ಅರ್ಧ ಹೋಳು ತೆಂಗಿನಕಾಯಿಯನ್ನೂ ಮೇಲಕ್ಕೆ ತೆಗೆದು, ಚೀಲದ ತಳದಲ್ಲಿ ಮಾತ್ರೆಯ ಡಬ್ಬಿಗಳನ್ನಿಟ್ಟು, ಮತ್ತೆ ಪ್ರಸಾದ ಮುಚ್ಚಿಕೊಂಡು ಹೋಗುತ್ತಿದ್ದರು. "ದೇವ್ರು ಮುಂದ್ಗಡೆ ಕೌಂಟರ್ರು, ನಾವು ಇಂದ್ಗಡೆ ಕೌಂಟರ್ರು ಕಣ್ರೀ" ಎಂದು ನಮ್ಮ ಪ್ರಯೋಗಾಲಯದ ತಂತ್ರಜ್ಞರು ನಗುತ್ತಿದ್ದರು.

ನಾನು ಹೇಳಹೊರಟ ಹೆಂಗಸು ಆ ಸೋಮವಾರದವರಲ್ಲಿ ಒಬ್ಬರು. ಬನ್ನೂರಿನ ಆಚೆಯ ಒಂದು ಹಳ್ಳಿಯವರು. ವಯಸ್ಸು ಐವತ್ತರ ಹತ್ತಿರ. ಗಂಡ ತೀರಿಕೊಂಡಾಗ ಕಾಮಾಲೆಯೆಂದು ಊರಿಗೆ ಹೇಳಿದ್ದರು. ಮಗಳನ್ನು ದೂರಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ಒಬ್ಬರೇ. ಊರಿನ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವರ ಕೆಲಸ. ಇನ್ನೊಬ್ಬ ಅಡುಗೆಯಾಕೆ ತರಕಾರಿ ಹೆಚ್ಚಿ ಅಕ್ಕಿ ತೊಳೆದರೆ, ಸಾರಿನ ಹದ ನೋಡುವವರೂ ಬಡಿಸುವವರೂ ಇವರೇ. "ನನ್ ಒಟ್ಟೇಲಿ ಉಟ್ಟಿದ್ದು ಒಂದೇ ಸಾ. ಆದ್ರೆ ದಿನಾ ಎಂಬತ್ ಮಕ್ಳಿಗೆ ಇಕ್ತೀನಿ" ಎನ್ನುತ್ತಿದ್ದರು.

ಚಿಕಿತ್ಸೆ ಶುರುವಾದ ಏಳು ವರ್ಷಗಳಲ್ಲಿ ಅವರು ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ಡಬ್ಬಿ ಅಲುಗಿದರೆ ಸದ್ದಾಗುತ್ತದೆಂದು ಮಾತ್ರೆಗಳನ್ನು ಇಂಗಿನ ಡಬ್ಬಿಗೆ ಸುರಿದು, ಹತ್ತಿ ತುರುಕಿ, ಅಡುಗೆಮನೆಯ ಅಟ್ಟದ ಮೇಲೆ ಇಡುತ್ತಿದ್ದರು. ಹಾಗೆ ಮಾಡಬಾರದೆಂದು ನಾನು ಹೇಳಿದಾಗ, "ಇಂಗು ಯಾರೂ ಕದಿಯಾಕಿಲ್ಲ ಸಾ" ಎಂದರು. ಬಂದಾಗಲೆಲ್ಲ ಎದ್ದು ಹೋಗುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಾನ್ ಮಾಡಿದ್ ಸಾರು ಉಂಡ್ರೆ ಮಕ್ಳಿಗೆ ಏನೂ ಆಗಲ್ವಲ್ಲ ಸಾ?" ಆಹಾರದಿಂದ, ಕೈಯಿಂದ, ಬೆವರಿನಿಂದ ಈ ಸೋಂಕು ಹರಡುವುದಿಲ್ಲವೆಂದು ನಾನು ಪ್ರತಿ ಸಲವೂ ವಿವರಿಸುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ಆದರೂ ಬೇರೊಬ್ಬರ ಬಾಯಿಂದ ಕೇಳಬೇಕಿತ್ತು. ಒಮ್ಮೆ ಶಾಲೆಯಲ್ಲಿ ಬದನೆಕಾಯಿ ಹೆಚ್ಚಲು ಕುಳಿತಾಗ ಹೆಬ್ಬೆರಳಿಗೆ ಗಾಯವಾಗಿ, ಹೆಚ್ಚಿದ್ದನ್ನಷ್ಟೂ ತಿಪ್ಪೆಗೆ ಸುರಿದು, ಹುಳು ಇತ್ತೆಂದು ಸುಳ್ಳು ಹೇಳಿದ್ದರಂತೆ.

ಈ ಒಲೆಯ ಕೆಲಸ ಹೋಗದಂತೆ ಕಾಪಾಡಿಕೊಳ್ಳುವುದೇ ಅವರ ಎಲ್ಲ ಎಚ್ಚರಿಕೆಗಳ ಹಿಂದಿದ್ದ ಒಂದೇ ಉದ್ದೇಶ. ಅದು ನನಗೆ ಚೆನ್ನಾಗಿ ತಿಳಿದಿತ್ತು.

ಒಂದು ಸೋಮವಾರ ಅವರು ಕೆಮ್ಮುತ್ತ ಬಂದರು. ಮೂರು ವಾರದಿಂದ ಇದೆಯೆಂದರು. ನಮ್ಮ ವೈದ್ಯರು ಕ್ಷಯದ ಅನುಮಾನದಿಂದ ಕಫ ಪರೀಕ್ಷೆ ಆಗಬೇಕೆಂದರು. ಆಗಿಂದಾಗಲೇ ಒಂದು ಸಲ, ಮಾರನೆಯ ಬೆಳಿಗ್ಗೆ ಎದ್ದೊಡನೆ ಇನ್ನೊಂದು ಸಲ ಕಫ ಕೊಡಬೇಕು. ಅಂದರೆ ಶಾಲೆಗೆ ಇನ್ನೊಂದು ದಿನ ರಜೆ. "ಎಡ್‌ಮೇಷ್ಟ್ರು ಸುಮ್ನಿರಲ್ಲ ಸಾ. ಆ ತಿಂಗ್ಳು ಮಗ್ಳ ಮನೆ ಅಂತ ಓಗಿದ್ದೆ, ಈ ತಿಂಗ್ಳು ದೇವ್ರು ಅಂತ ಬಂದಿವ್ನಿ."

ಆ ದಿನಗಳಲ್ಲಿ ನಾನು ಒಂದು ತರಬೇತಿಯನ್ನು ಮುಗಿಸಿ ಬಂದಿದ್ದೆ. ಎಚ್.ಐ.ವಿ. ಇರುವವರಿಗೆ ಬರುವ ಜ್ವರ, ಕೆಮ್ಮು, ಹೊಟ್ಟೆನೋವುಗಳಿಗೆಲ್ಲ ಅವರ ಮನೆಯ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆರೈಕೆ ಸಿಗಬೇಕು, ಅದು ಅವರ ಹಕ್ಕು ಎಂದು ಅಲ್ಲಿ ಹೇಳಿದ್ದರು. ಆ ಮಾತು ನನ್ನ ಮನಸ್ಸನ್ನು ಹಿಡಿದಿತ್ತು. ಊರಿನಿಂದ ಎರಡು ಕಿಲೋಮೀಟರಿನಲ್ಲಿ ಆರೋಗ್ಯ ಕೇಂದ್ರವಿರುವಾಗ ಈ ಹೆಂಗಸು ಏಳು ವರ್ಷಗಳಿಂದ ಜ್ವರಕ್ಕೂ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿರುವುದು ಸರಿಯಲ್ಲವೆನ್ನಿಸಿತು.

"ನಿಮ್ಮ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಈ ಪರೀಕ್ಷೆಯನ್ನು ಮಾಡಿಸಬಹುದಮ್ಮ. ಶಾಲೆಗೆ ಹೋಗುವ ಮೊದಲು ಕಫ ಕೊಟ್ಟು ಹೋಗಬಹುದು" ಎಂದೆ.

"ಅಲ್ಲಿಗಾ? ಅಲ್ ನಮ್ಮೂರೋರೇ ಕುಂತಿರ್ತಾರೆ ಸಾ."

"ಕೆಮ್ಮಿಗೆಂದು ಯಾರು ಬೇಕಾದರೂ ಹೋಗುತ್ತಾರಲ್ಲವೇ? ವೈದ್ಯರಿಗೆ ನಾನು ಪತ್ರ ಕೊಡುತ್ತೇನೆ."

ಅವರು ಒಪ್ಪಿದರು, ಅಥವಾ ಒಪ್ಪಿದಂತೆ ಸುಮ್ಮನಾದರು. ವೈದ್ಯರು ಬರೆದಿದ್ದ ಇಂಗ್ಲಿಷ್ ಚೀಟಿಯನ್ನು ಕೈಯಲ್ಲಿ ಹಿಡಿದು, "ಇದ್ರಲ್ ಏನ್ ಬರ್ದದೆ ಸಾ? ಏಳ್ ವರ್ಸದಿಂದ ಬರೀ ಕಾಗ್ದ ಒತ್ಕಂಡ್ ಓಗೋದೇ ಆಯ್ತು. ನಾನೂ ಏಳ್ನೇ ಕ್ಲಾಸ್ ಗಂಟ ಓದಿವ್ನಿ, ಕನ್ನಡದಲ್ ಇದ್ದಿದ್ರೆ ನಾನೇ ಓದ್ಕತಿದ್ದೆ" ಎಂದರು.

ಆ ಮಾತು ಕೇಳಿದಾಗ ಅಪ್ಪನ ಒಳಜೇಬು ನೆನಪಾಯಿತು. ಅವರನ್ನು ಬೆಂಚಿನ ಮೇಲೆ ಕೂರಿಸಿ, ಆ ಚೀಟಿಯನ್ನು ಪಕ್ಕಕ್ಕಿಟ್ಟು, ನಾನೇ ಕನ್ನಡದಲ್ಲಿ ಪತ್ರ ಬರೆಯತೊಡಗಿದೆ. ಎರಡು ಸಲ ಬರೆದು ಹರಿದೆ. ಮೂರನೆಯದು ನನಗೆ ಸಮಾಧಾನ ತಂದಿತು. ‘ಮಾನ್ಯರೇ, ಈ ಪತ್ರವನ್ನು ತರುತ್ತಿರುವವರು ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿದ್ದು, ಏಳು ವರ್ಷಗಳಿಂದ ತಪ್ಪದೆ ಔಷಧ ಸೇವಿಸುತ್ತಿದ್ದಾರೆ. ಮೂರು ವಾರಗಳಿಂದ ಇವರನ್ನು ಕೆಮ್ಮು ಬಾಧಿಸುತ್ತಿರುವುದರಿಂದ…’ ಹೀಗೆ ಅದು ಮುಂದುವರಿಯುತ್ತಿತ್ತು. ಮೇಲ್ಭಾಗದಲ್ಲಿ ಅವರ ಹೆಸರನ್ನೂ ಊರನ್ನೂ ದುಂಡಗೆ ಬರೆದೆ. ವೈದ್ಯರು ಸಹಿ ಹಾಕಿದರು. ತಂತ್ರಜ್ಞರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಏನ್ರೀ ಇದು, ಸನ್ಮಾನಪತ್ರನಾ? ಇಂಗ್ಲಿಷಲ್ಲಿ ನಾಲ್ಕಕ್ಷರ ಗೀಚಿದ್ರೆ ಮುಗೀತಿತ್ತು" ಎಂದರು. ಕನ್ನಡ ಬರೆಯಲು ಬಾರದವರ ಮಾತೆಂದು ನಾನು ಮನಸ್ಸಿನಲ್ಲೇ ತಳ್ಳಿಹಾಕಿದೆ.

ಪತ್ರವನ್ನು ಅವರ ಕೈಗೆ ಕೊಟ್ಟು ಓದಿಸಿದೆ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ಬೆರಳು ಎರಡನೆಯ ಸಾಲಿನಲ್ಲಿ ನಿಂತಿತು.

"ಇದೊಂದು ಇರ್ಲೇಬೇಕಾ ಸಾ?"

"ವೈದ್ಯರಿಂದ ಏನನ್ನೂ ಮರೆಮಾಚಬಾರದಮ್ಮ. ಸರಿಯಾದ ಚಿಕಿತ್ಸೆಗೆ ಅದು ಅಗತ್ಯ."

"ನೀವ್ ಓದ್ದೋರು. ನಿಮ್ಗೆ ಗೊತ್ತಿರ್ತದೆ ಬುಡಿ" ಎಂದು ಕಾಗದವನ್ನು ನಾಲ್ಕಾಗಿ ಮಡಿಸಿದರು.

ಮೇಜಿನ ಖಾನೆಯಲ್ಲಿ ಲಕೋಟೆಗಳಿದ್ದವು. ಅಂಟಿಸಿದ ಕಾಗದವೆಂದರೆ ಅವರಿಂದಲೇ ಮುಚ್ಚಿಟ್ಟ ಕಾಗದವೆಂದು ಭಾವಿಸಿ, ನಾನು ಒಂದನ್ನೂ ತೆಗೆಯಲಿಲ್ಲ.

ಮುಂದೆ ನಡೆದದ್ದನ್ನು ಮೊದಲು ತಿಳಿಸಿದವರು ಆ ಆರೋಗ್ಯ ಕೇಂದ್ರದ ದಾದಿ. ಗುರುವಾರ ಫೋನ್ ಮಾಡಿದರು.

"ಕನ್ನಡದಲ್ ಕಾಗ್ದ ಬರ್ದೋರು ನೀವೇನಾ?"

"ಹೌದು ಮೇಡಂ."

"ಅಕ್ಷರ ಬಾಳ ಚೆನ್ನಾಗದೆ. ನಮ್ ಬಾಗ್ಲಲ್ ಕೂತಿದ್ದೋರ್ಗೆಲ್ಲ ಒಂಚೂರೂ ಕಷ್ಟ ಆಗ್ಲಿಲ್ಲ ಓದಕ್ಕೆ."

"ಅಲ್ಲಿದ್ದವರು ಅದನ್ನು ಓದಿದರೇ ಮೇಡಂ?"

"ಆಯಮ್ಮ ಡಾಕ್ಟ್ರುನ್ನ ನೋಡ್ದೆ ಎದ್ ಒಂಟೋದ್ಲು. ಕಾಗ್ದ ಇಲ್ಲೇ ಅದೆ. ಏನ್ ಮಾಡ್ಲಿ ಇದ್ನ?"

"ದಯವಿಟ್ಟು ಹರಿದುಬಿಡಿ ಮೇಡಂ."

"ಅರಿಯೋದೇನು, ಅರೀತೀನಿ. ಓದಾದ್ಮೇಲೆ ಅರಿದ್ರೆಷ್ಟು ಬುಟ್ರೆಷ್ಟು."

ಆ ಹೆಂಗಸಿನ ನಂಬರಿಗೆ ನಾನು ಎಷ್ಟೋ ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮುಂದಿನ ಸೋಮವಾರ ಅವರೇ ಬಂದರು. ಮಾತ್ರೆಯ ದಿನವಾಗಿರಲಿಲ್ಲ. ಕೈಯಲ್ಲಿ ಹಣ್ಣುಕಾಯಿಯ ಚೀಲವೂ ಇರಲಿಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು, ಕೆಮ್ಮು ನಿಲ್ಲುವವರೆಗೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಆಮೇಲೆ ಹೇಳಿದರು.

ಆ ಕೇಂದ್ರದಲ್ಲಿ ಸರದಿಗೆ ಜನ ನಿಲ್ಲುವುದಿಲ್ಲ, ಚೀಟಿಗಳು ನಿಲ್ಲುತ್ತವೆ. ಬಂದವರು ಬಾಗಿಲ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ತಮ್ಮ ಚೀಟಿಯನ್ನು ಬಿಡಿಸಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ, ಹೊಂಗೆಮರದ ನೆರಳಿಗೆ ಹೋಗಿ ಕೂರುತ್ತಾರೆ. ಒಳಗಿನಿಂದ ಕರೆ ಬಂದಾಗ, ಕಟ್ಟೆಯ ಹತ್ತಿರ ಇರುವವರಲ್ಲಿ ಓದು ಬಲ್ಲವರು ಯಾರಾದರೂ ಮುಂದಿನ ಚೀಟಿಯನ್ನೆತ್ತಿ ಹೆಸರು ಕೂಗುತ್ತಾರೆ. ಇಂಗ್ಲಿಷಿನ ಗೀಚು ಬರಹದಲ್ಲಿ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಅದರಲ್ಲಿ ಯಾರಿಗೂ ಅಂಜಿಕೆಯಿಲ್ಲ. ನಮ್ಮ ಊರಿನ ಕೇಂದ್ರದಲ್ಲೂ ಹೀಗೆಯೇ ಇತ್ತು. ನಾನೇ ಎಷ್ಟೋ ಸಲ ಹೆಸರು ಕೂಗಿದ್ದೆ. ಪತ್ರ ಬರೆಯುವಾಗ ಅದು ನನಗೆ ಹೊಳೆಯಲೇ ಇಲ್ಲ.

"ಡಾಕ್ಟ್ರ ಕೈಗೇ ಕೊಡವ ಅಂತ ಬಾಗ್ಲ ತಾವ್ಕೆ ಓದೆ ಸಾ. ಅಲ್ಲಿದ್ದೋರು ‘ಎಲ್ರಂಗೆ ಸಾಲಲ್ಲಿ ಮಡಗಮ್ಮ’ ಅಂದ್ರು. ಮಡ್ಸೇ ಮಡಗಿದ್ದೆ, ಮ್ಯಾಲೊಂದ್ ಕಲ್ ಇಟ್ಟಿದ್ದೆ. ನನ್ ಜೊತೆ ಅಡ್ಗೆ ಮಾಡ್ತಾಳಲ್ಲ, ಅವ್ಳ ಮಗ್ಳು ಜರ ಅಂತ ಬಂದಿತ್ತು. ಪಿಯುಸಿ ಓದ್ತದೆ. ಅದೇ ಎತ್ಕಂಡು ಬಿಡ್ಸ್ತು. ನನ್ ಎಸ್ರು ಕೂಗ್ತು. ಕೂಗ್ಬುಟ್ಟು ಸುಮ್ನೆ ಮಡಗ್ಲಿಲ್ಲ, ಓದ್ತಾ ನಿಂತ್ಕತು."

"ಆಮೇಲೆ?"

"ಏನೂ ಅನ್ಲಿಲ್ಲ ಸಾ. ಒಳ್ಳೇ ಮಗ ಅದು. ಕಾಗ್ದ ಕೆಳಗ್ ಮಡಗಿ ದುಪ್ಪಟ್ಟಕ್ಕೆ ಕೈ ಒರಸ್ಕತು. ನಾನ್ ಎದ್ ಬಂದೆ."

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಆರು ಮಕ್ಕಳು ಮನೆಯಿಂದ ಡಬ್ಬಿ ತಂದವು. ಅದರ ಮಾರನೆಯ ದಿನ ತಟ್ಟೆ ಹಿಡಿದು ಬಂದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಮಾಡಿದ ಅನ್ನ ಹಂಡೆಯಲ್ಲಿ ಹಾಗೆಯೇ ಉಳಿಯಿತು. ಜೊತೆಯ ಅಡುಗೆಯಾಕೆ ಗೋಡೆಯ ಕಡೆ ಮುಖ ಮಾಡಿ ಪಾತ್ರೆ ಉಜ್ಜುತ್ತ, "ಅಕ್ಕ, ನೀನ್ ಯೋಳಿದ್ರೆ ನಾನ್ ಯಾರ್ಗಾದ್ರೂ ಯೋಳ್ತಿದ್ನಾ" ಎಂದಳಂತೆ. ಮುಖ್ಯೋಪಾಧ್ಯಾಯರು ಆಫೀಸು ಕೋಣೆಗೆ ಕರೆದು, ಕುರ್ಚಿ ತೋರಿಸಿ, "ಸ್ವಲ್ಪ ದಿನ ಮನೇಲಿದ್ದು ಸುಧಾರಿಸ್ಕೊಳಮ್ಮ" ಎಂದರಂತೆ. ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವರಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

ಇಷ್ಟನ್ನು ಹೇಳುವಾಗಲೂ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ನಾನು ನನಗೆ ಗೊತ್ತಿದ್ದ ದಾರಿಯನ್ನೇ ಮತ್ತೆ ಹಿಡಿದೆ. ಈ ಕಾರಣಕ್ಕೆ ಕೆಲಸದಿಂದ ಬಿಡಿಸುವುದು ಕಾನೂನಿಗೆ ವಿರುದ್ಧವೆಂದು ಹೇಳಿದೆ. ಮೇಲಿನವರಿಗೆ ದೂರು ಬರೆದುಕೊಡುತ್ತೇನೆಂದೆ. ಅಧಿಕಾರಿಗಳನ್ನು ಶಾಲೆಗೆ ಕರೆತಂದು, ಪೋಷಕರ ಎದುರಿಗೇ ಸಾಲಾಗಿ ಕೂರಿಸಿ, ಅವರ ಕೈಯಡುಗೆಯನ್ನು ಉಣ್ಣುವಂತೆ ಮಾಡಬಹುದೆಂದೆ. ಮಾತು ಮುಗಿಯುವವರೆಗೆ ಅವರು ತಾಳ್ಮೆಯಿಂದ ಕೇಳಿದರು.

"ಆಫೀಸ್ರು ಒಂದಿನ ಉಂಡು ಜೀಪ್ ಅತ್ತಿ ಓಯ್ತಾರೆ ಸಾ. ಮಾರ್ನೇ ದಿನ ಉಣ್ಬೇಕಾದ್ದು ಮಕ್ಳಲ್ವಾ? ಕಾನೂನು ತಟ್ಟೆ ಇಡ್ಕಂಡು ಬಂದದಾ?"

"ಹಾಗೆಂದು ಸುಮ್ಮನಿರಬಾರದಮ್ಮ."

"ಈಗ ನಮ್ಮೂರ್ಗೆ ಗೊತ್ತಾಗದೆ. ನೀವ್ ಇನ್ನೊಂದ್ ಕಾಗ್ದ ಬರುದ್ರೆ ತಾಲ್ಲೂಕ್ಗೆಲ್ಲ ಗೊತ್ತಾಯ್ತದೆ. ನನ್ ಮಗ್ಳು ಅತ್ತೆ ಮನೇಲವ್ಳೆ ಸಾ. ಬ್ಯಾಡಿ."

ತೆರೆದಿದ್ದ ಪೆನ್ನನ್ನು ನಾನು ಮುಚ್ಚಿದೆ. ಅಂದೇ ನಮ್ಮಲ್ಲಿ ಅವರ ಕಫ ಪರೀಕ್ಷೆಯಾಯಿತು. ಮಾರನೆಯ ಬೆಳಗಿನದಕ್ಕೂ ಅವರು ಬಂದರು. ರಜೆ ಕೇಳಬೇಕಾದ ತೊಂದರೆ ಆಗ ಇರಲಿಲ್ಲ. ಕ್ಷಯವಿತ್ತು. ಆ ಮಾತ್ರೆಗಳನ್ನೂ ತಪ್ಪದೆ ನುಂಗಿದರು. ಆರು ತಿಂಗಳಿಗೆ ಕೆಮ್ಮು ಪೂರ್ತಿ ಹೋಯಿತು. ನಮ್ಮ ದಾಖಲೆಗಳ ಪ್ರಕಾರ ಅವರ ಚಿಕಿತ್ಸೆ ಯಶಸ್ವಿಯಾಗಿದೆ.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಪೋಷಕರನ್ನು ಕರೆದು ಎರಡು ಸಲ ಮಾತನಾಡಿದರಂತೆ. ಕೊನೆಗೆ, ಕೆಮ್ಮು ವಾಸಿಯಾದ ಮೇಲೆ ಶಾಲೆಗೆ ಬರಲಿ, ಅಂಗಳ ಗುಡಿಸಲಿ, ಗಿಡಗಳಿಗೆ ನೀರು ಹಾಕಲಿ, ಅಡುಗೆಮನೆಯ ಒಳಗೆ ಮಾತ್ರ ಬರುವುದು ಬೇಡ ಎಂದು ತೀರ್ಮಾನವಾಯಿತು. ಅದಕ್ಕೆ ಇವರು ಒಪ್ಪಿದರು. ಕಾನೂನು ಬಲ್ಲ ನಾನು ಈ ಏರ್ಪಾಟಿನ ಬಗ್ಗೆ ಇಂದಿಗೂ ಯಾರಿಗೂ ಬರೆದಿಲ್ಲ. ಅವರ ಇಚ್ಛೆಯನ್ನು ಗೌರವಿಸಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದರಲ್ಲಿ ನನ್ನ ತಪ್ಪು ಹೊರಗೆ ಬಾರದಿರಲೆಂಬ ಆಸೆ ಎಷ್ಟಿದೆಯೆಂದು ಅಳೆದು ನೋಡುವ ಧೈರ್ಯ ನನಗಿಲ್ಲ.

ಈಗ ಯಾರನ್ನಾದರೂ ಅವರ ಊರಿನ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕಾದಾಗ ನಾನು ಮೊದಲು ಅಲ್ಲಿನ ವೈದ್ಯರಿಗೆ ಫೋನ್ ಮಾಡುತ್ತೇನೆ. ಕೈಯಲ್ಲಿ ಕೊಡುವ ಚೀಟಿಯಲ್ಲಿ ‘ಕೆಮ್ಮು’ ಎಂದಷ್ಟೇ ಇರುತ್ತದೆ. ಫೋನ್ ಎತ್ತದ ವೈದ್ಯರೂ ಇದ್ದಾರೆ. ಆಗ ಯಾರನ್ನೂ ಕಳುಹಿಸುವುದಿಲ್ಲ. ಕಾಯಿಲೆಯವರೇ ಎರಡು ಬಸ್ಸು ಹಿಡಿದು ನಮ್ಮಲ್ಲಿಗೇ ಬರುತ್ತಾರೆ. ಮನೆಯ ಹತ್ತಿರದ ಆರೈಕೆಯ ಮಾತನ್ನು ತರಬೇತಿಗಳಲ್ಲಿ ಈಗಲೂ ಹೇಳುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕುಳಿತು ಬರೆದುಕೊಳ್ಳುತ್ತೇನೆ.

ಮೊನ್ನೆ ಆ ಹೆಂಗಸು ಮಾತ್ರೆಗೆ ಬಂದಿದ್ದರು. ತೂಕ ನೋಡಿದೆ, ಎರಡು ಕಿಲೋ ಏರಿತ್ತು. ಒಳ್ಳೆಯ ಲಕ್ಷಣವೆಂದೆ.

"ಒಲೆ ಮುಂದೆ ಬೇಯೋದು ತಪ್ತಲ್ಲ ಸಾ, ಅದ್ಕೇ" ಎಂದು ನಕ್ಕರು. "ಗುಡ್ಸಿ ಆದ್ಮೇಲೆ ನಲ್ಲಿ ತಾವ ಕುಂತ್ಕತೀನಿ. ಒಗ್ಗರಣೆ ವಾಸ್ನೆ ಬತ್ತದೆ. ಸಾಸ್ವೆ ಸೀದೋದ್ರೆ ಕುಂತಲ್ಲೇ ಗೊತ್ತಾಯ್ತದೆ. ಒಳಕ್ ಓಗಿ ಯೋಳಕ್ಕಾಯ್ತದಾ? ಸುಮ್ಕಿರ್ತೀನಿ."

"ಮಕ್ಕಳು ಮಾತನಾಡಿಸುತ್ತಾರೆಯೇ?"

"ದೊಡ್ಡವು ಇಲ್ಲ. ಒಂದ್ನೇ ಕ್ಲಾಸಿಂದು ಒಂದ್ ಎಣ್ ಮಗ ಅದೆ. ಮೊನ್ನೆ ತಟ್ಟೆ ಇಡ್ಕಂಡು ನನ್ ತಾವ್ಕೇ ಬಂದ್ಬುಡ್ತು. ‘ಅಜ್ಜಿ, ನೀನ್ಯಾಕ್ ಇಕ್ಕಲ್ಲ?’ ಅಂತು."

"ನೀವೇನೆಂದಿರಿ?"

"ಕೈ ನೋವು ಕಣವ್ವ ಅಂದೆ."

ಚಿಕಿತ್ಸೆಯ ಪುಸ್ತಕದಲ್ಲಿ ಮುಂದಿನ ದಿನಾಂಕವನ್ನು ಬರೆದು ಕೊಟ್ಟೆ. ಅವರು ಅದನ್ನು ಚೀಲಕ್ಕೆ ಸೇರಿಸಿ ಎದ್ದು ನಿಂತರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತು, ಆ ಮಗು ಸುಮ್ಮನೆ ಹೋಗಲಿಲ್ಲವೆಂದೂ, ಕೈ ಯಾವಾಗ ವಾಸಿಯಾಗುತ್ತದೆಂದು ಕೇಳಿತೆಂದೂ ಹೇಳಿದರು. ಅದಕ್ಕೆ ಅವರು ಏನು ಉತ್ತರ ಕೊಟ್ಟರೆಂದು ನಾನು ಕೇಳಲಿಲ್ಲ. ನರಸೀಪುರದ ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟುಹೋದರು.